ವೀಟ್ ಬಿಯರ್ ಬಗ್ಗಿಸಿದ್ರೆ ಬರೀ ನೊರೆ, ಲಾಗರ್‌ಗೆ ನೊರೆನೇ ನಿಲ್ಲಲ್ಲ, ಯಾಕೆ?

ಹನುಮಂತನಗರ_ಹುಡುಗ:
ಭಾನುವಾರ ಫ್ರೆಂಡ್ಸ್ ಮನೆಗೆ ಬರ್ತಿದ್ದಾರೆ. ಹೋದ್ಸಲ ವೀಟ್ ಬಿಯರ್ ಬಗ್ಗಿಸಕ್ಕೆ ಹೋಗಿ ಅರ್ಧ ಟೇಬಲ್ ಮೇಲೇ ಹೋಯ್ತು, ಅದೇ 650 ಎಂಎಲ್ ಲಾಗರ್ (ನಮ್ಮ ಮಾಮೂಲಿ ಹೊಂಬಣ್ಣದ ಬಿಯರ್) ಬಗ್ಗಿಸಿದ್ರೆ ನೊರೆ ಒಂದು ನಿಮಿಷನೂ ಇರಲ್ಲ. ಗ್ಲಾಸ್ ಫ್ರೀಜರ್‌ನಲ್ಲೂ ಇಟ್ಟು ನೋಡ್ದೆ. ಈ ಸಲ ಒಬ್ಬ ಸ್ಟೌಟ್ ಅನ್ನೋ ಕಪ್ಪು ಬಿಯರ್ ಕ್ಯಾನ್ ಬೇರೆ ತರ್ತಾನಂತೆ, ಒಳಗೆ ಪ್ಲಾಸ್ಟಿಕ್ ಗುಂಡು ಇರುತ್ತಂತೆ. ಯಾವ್ದನ್ನ ಹೇಗೆ ಬಗ್ಗಿಸ್ಬೇಕು?

ನೊರೆಪ್ರಿಯ:
ಮೊದ್ಲು ಗ್ಲಾಸ್ ನೋಡಿ ಗುರು. ಹಾಲು ಮಜ್ಜಿಗೆ ಕುಡಿಯೋ ಗ್ಲಾಸೇ ಆದ್ರೆ ಅದ್ರ ಜಿಡ್ಡೇ ನೊರೆ ಒಡೆಯುತ್ತೆ, ಸೋಪು ಉಳಿದಿದ್ರೂ ಅಷ್ಟೇ, ಬೋಂಡಾ ತಿಂದ ಎಣ್ಣೆ ತುಟಿ ತಾಗಿದ್ರೂ ಅಷ್ಟೇ. ಒದ್ದೆ ಗ್ಲಾಸ್ ಒಳಗೆ ಉಪ್ಪು ಉದುರಿಸಿ, ಎಲ್ಲಿ ಅಂಟಲ್ವೋ ಅಲ್ಲಿ ಜಿಡ್ಡಿದೆ ಅಂತ. ಫ್ರೀಜರ್ ಬೇಡ, ಗ್ಲಾಸ್ ಒಳಗೆ ಕಟ್ಟೋ ಮಂಜಿನ ಹರಳಿಂದಾನೇ ಬಿಯರ್ ಉಕ್ಕುತ್ತೆ.
ಲಾಗರ್‌ಗೆ ಗ್ಲಾಸ್ 45 ಡಿಗ್ರಿ ಓರೆ ಹಿಡ್ದು ಅರ್ಧ ದಾಟೋ ತನಕ ಬಗ್ಗಿಸಿ, ಆಮೇಲೆ ನೆಟ್ಟಗೆ ಮಾಡಿ ಮಧ್ಯಕ್ಕೆ ಧೈರ್ಯವಾಗಿ ಹುಯ್ಯಿರಿ. ಎರಡು ಬೆರಳು ನೊರೆ ಬರ್ಲೇಬೇಕು, ಘಮ ಮೂಗಿಗೆ ಬರೋದೇ ಅದ್ರಿಂದ. ನೊರೆ ಬರದ ಹಾಗೆ ಬಗ್ಗಿಸಿದ್ರೆ ಗ್ಯಾಸ್ ಎಲ್ಲ ಹೊಟ್ಟೆಗೇ ಹೋಗಿ ಉಬ್ಬರಿಸುತ್ತೆ.

ಗೋಧಿ_ಪಾರ್ಟಿ:
ವೀಟ್ ಬಗ್ಗೆ ನಾನು ಹೇಳ್ತೀನಿ. ಗೋಧೀಲಿ ಪ್ರೋಟೀನ್ ಜಾಸ್ತಿ, ಅದಕ್ಕೇ ಅಷ್ಟು ನೊರೆ. ಜರ್ಮನಿಯ ಬವೇರಿಯಾದಲ್ಲಿ ಇದಕ್ಕೆ ಅರ್ಧ ಲೀಟರಿನ ಉದ್ದ ಗ್ಲಾಸೇ ಇದೆ, ಮೇಲೆ ನೊರೆಗೆ ಅಂತ ಜಾಗ ಬಿಟ್ಟಿರ್ತಾರೆ. ಗ್ಲಾಸ್ ತಣ್ಣೀರಲ್ಲಿ ತೊಳೆದು ಒದ್ದೆ ಇರೋವಾಗ್ಲೇ ಹೆಚ್ಚುಕಮ್ಮಿ ಮಲಗಿಸಿದ ಹಾಗೆ ಹಿಡ್ದು ನಿಧಾನಕ್ಕೆ ಬಗ್ಗಿಸಿ, ಕೊನೆಯ ಎರಡು ಬೆರಳಷ್ಟು ಬಾಟಲೀಲೇ ಬಿಟ್ಟು ಗರಗರ ತಿರುಗಿಸಿ, ತಳದಲ್ಲಿ ಕೂತಿರೋ ಯೀಸ್ಟ್ ಎದ್ದ ಮೇಲೆ ಅದನ್ನೂ ಹುಯ್ಯಿರಿ. ಗಷ್ಟು ಅಂತ ಚೆಲ್ಲಬೇಡಿ ದಯವಿಟ್ಟು, ಆ ಬಾಳೆಹಣ್ಣು ಲವಂಗದ ಘಮ ಕೊಟ್ಟಿರೋದೇ ಯೀಸ್ಟ್.

ಕರಿ_ಗ್ಲಾಸ್:
ಆ ಗುಂಡಲ್ಲಿ ಇರೋದು ನೈಟ್ರೋಜನ್. ಕ್ಯಾನ್ ಚೆನ್ನಾಗಿ ತಣ್ಣಗಿರ್ಲಿ, ಇಲ್ದಿದ್ರೆ ತೆಗೆದ ತಕ್ಷಣ ಉಕ್ಕುತ್ತೆ. ದೊಡ್ಡ ಗ್ಲಾಸಿಗೆ ಒಂದೇ ಸಲಕ್ಕೆ ಬಗ್ಗಿಸಿ, ಆಮೇಲೆ ಮುಟ್ಟಬೇಡಿ, ಕೆನೆ ಮೇಲೆ ಬಂದು ಕಪ್ಪು ತಿಳಿಯಾಗೋ ತನಕ ನೋಡ್ತಾ ಕೂತ್ಕೊಳ್ಳಿ, ಅದೇ ಒಂದು ಚೆಂದ. ಟ್ಯಾಪ್‌ನಿಂದ ಆದ್ರೆ ಮುಕ್ಕಾಲು ತುಂಬಿಸಿ ಬಿಟ್ಟು ಆಮೇಲೆ ಉಳಿದಿದ್ದು. ಸ್ಟೌಟ್ ಮಾಡೋ ಗಿನ್ನೆಸ್ ಕಂಪನಿಯವ್ರು ಹೀಗೆ ಎರಡು ಸಲಕ್ಕೆ ಬಗ್ಗಿಸಕ್ಕೆ 119.5 ಸೆಕೆಂಡ್ ಅಂತಾನೇ ಲೆಕ್ಕ ಹೇಳ್ತಾರೆ.

ಹನುಮಂತನಗರ_ಹುಡುಗ:
ಉಪ್ಪು ಹಾಕಿ ನೋಡ್ದೆ, ಆರಲ್ಲಿ ನಾಲ್ಕು ಗ್ಲಾಸಿಗೆ ಅಂಟಲೇ ಇಲ್ಲ. ಎಲ್ಲಾ ನಾವು ಮಜ್ಜಿಗೆ ಕುಡಿಯೋವೇ. ಮತ್ತೆ ತೊಳೆದಿದ್ದೀನಿ.

ನೊರೆಪ್ರಿಯ:
ಬಟ್ಟೇಲಿ ಒರೆಸ್ಬೇಡಿ, ಅದ್ರ ನಾರು ಅಂಟುತ್ತೆ. ಬೋರಲು ಹಾಕಿ ಹಾಗೇ ಒಣಗಕ್ಕೆ ಬಿಡಿ.