ತಗಡಿನ ಮನೆಗೆ ಇಂಟರ್ನೆಟ್ಟು

(ಇಂಗ್ಲೆಂಡಿನ ಲೆಸ್ಟರ್. ಮೇಜಿನ ಮೇಲೆ ಕಾಫಿ, ಒಂದು ತಟ್ಟೆ ಕೋಡುಬಳೆ. ಶಶಿ ಕಡಲತೀರದ ಸ್ಕೆಗ್ನೆಸ್ ಪಕ್ಕದ ಇಂಗೋಲ್ಡ್‌ಮೆಲ್ಸ್‌ನ ಪಾರ್ಕೊಂದರಲ್ಲಿ ಸ್ಟ್ಯಾಟಿಕ್ ಕ್ಯಾರವಾನ್, ಅಂದರೆ ಒಂದೇ ಕಡೆ ನಿಲ್ಲುವ ರಜೆಯ ಮನೆ, ಕೊಂಡಿದ್ದಾನೆ. ಅದಕ್ಕೆ ಚಕ್ರ ಉಂಟು, ಓಡಾಟ ಇಲ್ಲ.)

ಶಶಿ: ಸಮುದ್ರ ಇದೆ, ಬಾಗಿಲಾಚೆ ಮರದ ಜಗಲಿ, ಡೆಕ್ಕಿಂಗ್ ಇದೆ, ಎರಡು ಬೆಡ್‌ರೂಮ್ ಇದೆ. ಇಂಟರ್ನೆಟ್ ಒಂದಿಲ್ಲ ಕಣ್ರೋ. ಲ್ಯಾಂಡ್‌ಲೈನ್ ಕೇಳಿದ್ರೆ ಪಾರ್ಕ್ ಆಫೀಸಲ್ಲಿ ನಕ್ಕುಬಿಟ್ರು.

ನಾಗೇಶ: ನಗದೆ ಏನ್ಮಾಡ್ತಾರೆ? ಜಾಗ ಅವರದು, ಪೆಟ್ಟಿಗೆ ಮಾತ್ರ ನಿನ್ನದು. ನೆಲ ಅಗೆಯೋಕೆ ಅವರು ಹೂಂ ಅನ್ನಬೇಕು. ಅಷ್ಟಕ್ಕೂ ಹಳೇ ಫೋನ್ ವ್ಯವಸ್ಥೆಯನ್ನೇ 2027ರ ಜನವರಿಗೆ ಮುಚ್ತಾರೆ. ಅದನ್ನ ಮರೆತುಬಿಡು.

ವನಜಾ: ಪಾರ್ಕಿಂದು ವೈಫೈ ಇದೆಯಲ್ವಾ?

ಶಶಿ: ಇದೆ. ಕ್ಲಬ್‌ಹೌಸ್ ಬಾಗಿಲಿಗೆ ಆತುಕೊಂಡು ನಿಂತ್ರೆ ಬರುತ್ತೆ.

ನಾಗೇಶ: ಬಂದ್ರೂ ಸಂಜೆ ಏಳರ ಮೇಲೆ ಅದಕ್ಕೆ ಜೀವ ಇರಲ್ಲ. ಒಂದು ಲೈನ್, ನೂರಾರು ಕ್ಯಾರವಾನ್. ಜೊತೆಗೆ ಲಾಗಿನ್ ಪುಟ ಬೇರೆ, ಟಿವಿ ಸ್ಟಿಕ್ಕು ಅಲ್ಲೇ ಮುಗ್ಗರಿಸುತ್ತೆ. ನಿನಗೆ ಬೇಕಿರೋದು 4ಜಿ ಅಥವಾ 5ಜಿ ರೌಟರ್, ಅದಕ್ಕೊಂದು ಸಿಮ್.

ಶಶಿ: ಮತ್ತೆ ಆಂಟೆನಾ! ಒಂದು ನೋಡಿಟ್ಟಿದ್ದೀನಿ, 'ಹೈ ಗೇನ್' ಅಂತ ಬರೆದಿದ್ದಾರೆ, ಸಿಗ್ನಲ್ ಜಾಸ್ತಿ ಎಳೆಯುತ್ತಂತೆ.

ನಾಗೇಶ: ಕಾಯಿಲೆ ಗೊತ್ತಾಗೋ ಮೊದಲೇ ಔಷಧಿ ಅಂಗಡಿಗೆ ಹೊರಟ್ಯಾ? ಕ್ಯಾರವಾನಿನ ಇಂಟರ್ನೆಟ್ಟಿಗೆ ಎರಡು ರೋಗ. ಒಂದು ತಗಡು, ಇನ್ನೊಂದು ಜನ. ಆಂಟೆನಾ ತಗಡಿಗೆ ಮದ್ದು. ಬೇಸಿಗೆ ರಜೆಯಲ್ಲಿ ಪಾರ್ಕೆಲ್ಲಾ ಒಂದೇ ಟವರಿಗೆ ಜೋತುಬಿದ್ದಿದ್ರೆ, ನೀನು ಎಷ್ಟು ಗೇನ್ ಹಾಕಿದ್ರೂ ಕ್ಯೂನಲ್ಲಿ ಚೆನ್ನಾಗಿ ಕಾಣ್ತೀಯ ಅಷ್ಟೆ.

ವನಜಾ: ತಗಡು ಅಂದ್ರೆ ಗೋಡೆನಾ?

ನಾಗೇಶ: ಹೊರಗೆ ಎಷ್ಟೋ ಕ್ಯಾರವಾನಿಗೆ ಅಲ್ಯೂಮಿನಿಯಂ ಹಾಳೆ, ಕೆಲವಕ್ಕೆ ಒಳಗಿನ ಇನ್ಸುಲೇಶನ್ನಿಗೂ ಫಾಯಿಲ್. ಚಕ್ಕುಲಿ ಡಬ್ಬದಲ್ಲಿ ಫೋನಿಟ್ಟು ಮುಚ್ಚಳ ಹಾಕಿದ ಹಾಗೆ. ಕಿಟಕಿಯಿಂದ ಬರುತ್ತೆ ಅನ್ಬೇಡ. ಹೊಸ ಡಬಲ್ ಗ್ಲೇಜಿಂಗ್ ಗಾಜಿಗೆ ಶಾಖ ತಡೆಯೋಕೆ ತೆಳ್ಳಗೆ ಲೋಹದ ಪದರ ಬಳಿದಿರ್ತಾರೆ, ಸಿಗ್ನಲ್ಲನ್ನೂ ಅದು ತಡೆಯುತ್ತೆ.

ಶಶಿ: ಒಳಗೂ ಮೂರು ಗೆರೆ ತೋರಿಸುತ್ತಲ್ಲೋ ಫೋನು?

ನಾಗೇಶ: ಆ ಗೆರೆಗಳು ಮರ್ಯಾದೆಗೆ ಇರೋವು. ಅಂಕಿ ನೋಡು. ಐಫೋನಲ್ಲಿ *3001#12345#* ಒತ್ತಿ ಕರೆ ಮಾಡಿದ್ರೆ ಫೀಲ್ಡ್ ಟೆಸ್ಟ್ ತೆರೆಯುತ್ತೆ. ಆಂಡ್ರಾಯ್ಡಿಗೆ ಬೇಕಾದಷ್ಟು ಆ್ಯಪ್ ಇವೆ. ಸಿಗ್ನಲ್ ಎಷ್ಟು ಗಟ್ಟಿ ಅಂತ ಹೇಳೋಕೆ ಆರ್‌ಎಸ್‌ಆರ್‌ಪಿ ಅಂತ ಒಂದು ಸಂಖ್ಯೆ, ಮೈನಸ್ಸಲ್ಲಿ ಇರುತ್ತೆ. -90ಕ್ಕಿಂತ ಸೊನ್ನೆ ಕಡೆಗಿದ್ರೆ ಚೆನ್ನ, -100 ನಡೆಯುತ್ತೆ, -110 ಆಚೆ ಗೋಳು. ಸೋಫಾ ಮೇಲೆ ಒಮ್ಮೆ, ಡೆಕ್ಕಿಂಗ್ ಮೇಲೆ ಒಮ್ಮೆ ಓದು. ಒಳಗೆ -112, ಹೊರಗೆ -96 ಬಂತು ಅಂದ್ಕೋ. 16 ಡಿಬಿ ವ್ಯತ್ಯಾಸ. ಅಂದ್ರೆ ನಲವತ್ತು ಪಾಲಲ್ಲಿ ಒಂದೇ ಪಾಲು ಒಳಗೆ ಬಂತು.

ವನಜಾ: ಉಳಿದ ಮೂವತ್ತೊಂಬತ್ತು?

ನಾಗೇಶ: ಪಕ್ಕದ ಕ್ಯಾರವಾನಿನವರ ಗೋಡೆಗೆ. ಇನ್ನು ಎರಡನೇ ಪರೀಕ್ಷೆ. ಡೆಕ್ಕಿಂಗ್ ಮೇಲೇ ನಿಂತು ಬೆಳಿಗ್ಗೆ ಆರಕ್ಕೆ ಸ್ಪೀಡ್ ಟೆಸ್ಟ್, ಶನಿವಾರ ರಾತ್ರಿ ಎಂಟಕ್ಕೆ ಇನ್ನೊಂದು. ಬೆಳಿಗ್ಗೆ 60 ಎಂಬಿಪಿಎಸ್, ರಾತ್ರಿ 2, ಆರ್‌ಎಸ್‌ಆರ್‌ಪಿ ಎರಡೂ ಹೊತ್ತು ಒಂದೇ ಅಂದ್ರೆ ರೋಗ ಜನ. ಅದಕ್ಕೆ ಬೇರೆ ನೆಟ್‌ವರ್ಕ್ ಹಿಡಿಯೋದೇ ದಾರಿ.

ಶಶಿ: ಹಾಗಾದ್ರೆ ಎರಡು ವರ್ಷದ ಕಾಂಟ್ರಾಕ್ಟ್...

ವನಜಾ: ಚಳಿಗಾಲದಲ್ಲಿ ಪಾರ್ಕೇ ಬಾಗಿಲು ಹಾಕುತ್ತೆ, ನೀನು ಹನ್ನೆರಡು ತಿಂಗಳೂ ಕಟ್ತೀಯಾ? ಧಾರಾಳಿ.

ನಾಗೇಶ: ಒಂದೊಂದು ತಿಂಗಳ ಸಿಮ್ ತಗೋ. ಈ ದೇಶದಲ್ಲಿ ಬ್ರ್ಯಾಂಡ್ ನೂರು, ಟವರ್ ಜಾಲ ನಾಲ್ಕೇ ಇದ್ದವು, ಅದರಲ್ಲೂ ತ್ರೀ, ವೊಡಾಫೋನ್ 2025ರಲ್ಲಿ ಒಂದೇ ಕಂಪನಿ ಆದವು. ಸ್ಮಾರ್ಟಿ ಓಡೋದು ತ್ರೀ ಮೇಲೆ, ವಾಕ್ಸಿ ವೊಡಾಫೋನ್ ಮೇಲೆ, ಗಿಫ್‌ಗ್ಯಾಫ್ ಓ2 ಮೇಲೆ, 1ಪಿಮೊಬೈಲ್ ಇಇ ಮೇಲೆ. ಜಾಲಕ್ಕೊಂದು ಅಗ್ಗದ ಸಿಮ್ ತರಿಸಿ, ಫೋನಿಗೆ ಹಾಕಿ, ಅದೇ ಎರಡು ಪರೀಕ್ಷೆ ಮಾಡು. ಗೆದ್ದಿದ್ದಕ್ಕೆ ದೊಡ್ಡ ಪ್ಲಾನ್. ರೌಟರಿಗೆ ಹಾಕಬಹುದಾ ಅಂತ ಷರತ್ತು ಓದು. 'ಅನ್‌ಲಿಮಿಟೆಡ್' ಅಂತ ದೊಡ್ಡಕ್ಷರದಲ್ಲಿ ಬರೆದು, ಫೋನಿಗೆ ಮಾತ್ರ ಅಂತ ಇರುವೆ ಅಕ್ಷರದಲ್ಲಿ ಬರೆಯೋರೂ ಇದ್ದಾರೆ.

ವನಜಾ: ಅನ್‌ಲಿಮಿಟೆಡ್ಡೇ ಬೇಕಾ?

ನಾಗೇಶ: ಎಚ್‌ಡಿ ಸಿನಿಮಾ ಗಂಟೆಗೆ 3 ಜಿಬಿ ನುಂಗುತ್ತೆ. ಇವನ ಮಕ್ಕಳು ಮಳೆ ಬಂದ ದಿನ ಎಷ್ಟು ಗಂಟೆ ನೋಡ್ತಾರೆ ಅಂತ ನೀನೇ ಲೆಕ್ಕ ಹಾಕು. ವೇಗ ಮಾತ್ರ ಜಾಸ್ತಿ ಬೇಡ. ಎಚ್‌ಡಿಗೆ 5 ಎಂಬಿಪಿಎಸ್ ಸಾಕು.

ಶಶಿ: ರೋಗ ತಗಡೇ ಅಂತ ಗೊತ್ತಾಯ್ತು ಅಂದ್ಕೋ. ಈಗಲಾದ್ರೂ ಆಂಟೆನಾ ತರ್ಲಾ?

ನಾಗೇಶ: ತಾ, ಆದ್ರೆ ನೋಡಿ ತಾ. 4ಜಿ ಆಂಟೆನಾ ಅಂದ್ರೆ ಒಂದೇ ಡಬ್ಬಿಯಲ್ಲಿ ಎರಡು ಆಂಟೆನಾ, ಎರಡು ಕೇಬಲ್. ಎರಡನ್ನೂ ಸಿಕ್ಕಿಸಬೇಕು. ಕೇಬಲ್ ತುದಿಯ ತಿರುಪಿನ ಕನೆಕ್ಟರ್ ಎಸ್‌ಎಂಎ. ವೈಫೈ ಆಂಟೆನಾಗೆ ಬರೋದು ಆರ್‌ಪಿ-ಎಸ್‌ಎಂಎ. ಅದನ್ನ 4ಜಿ ರೌಟರಿಗೆ ಹಾಕಿದ್ರೆ ತಿರುಪು ಚೆನ್ನಾಗಿ ಕೂರುತ್ತೆ, ಗಟ್ಟಿಯಾಗಿ ತಿರುಗುತ್ತೆ, ಒಳಗೆ ನೋಡಿದ್ರೆ ಎರಡೂ ಕಡೆ ತೂತು, ನಡುವಿನ ಕಡ್ಡಿ ಯಾರ ಕಡೆಗೂ ಇಲ್ಲ.

ವನಜಾ: ಹೆಣ್ಣಿನ ಕಡೆಯವರೂ ಬಂದ್ರು, ಗಂಡಿನ ಕಡೆಯವರೂ ಬಂದ್ರು, ತಾಳಿ ಯಾರೂ ತರಲಿಲ್ಲ.

ನಾಗೇಶ: ಅದೇ. ಆಮೇಲೆ ಕೇಬಲ್ ಉದ್ದ. ಎಲ್‌ಎಂಆರ್-200 ಅನ್ನೋ ಆಂಟೆನಾ ಕೇಬಲಲ್ಲಿ 1800 ಮೆಗಾಹರ್ಟ್ಸ್‌ಗೆ ಹತ್ತು ಮೀಟರಿಗೆ ಹತ್ತಿರ 5 ಡಿಬಿ ಸೋರುತ್ತೆ. ಬಂದಿದ್ದರಲ್ಲಿ ಮೂರನೇ ಎರಡು ಪಾಲು ದಾರಿಯಲ್ಲೇ ಮಾಯ. ಐದು ಮೀಟರ್ ದಾಟಬೇಡ. ಉಳಿದ ಕೇಬಲನ್ನು ಸುರುಳಿ ಸುತ್ತಿ ಕಪಾಟಿನ ಹಿಂದೆ ಇಡೋ ಬುದ್ಧಿನೂ ಬೇಡ.

ಶಶಿ: ಟವರ್ ದೂರ ಇದ್ರೆ?

ನಾಗೇಶ: ಹೊರಗಿಡೋ ರೌಟರ್ ಬರುತ್ತೆ. ಆಂಟೆನಾ, ಮೋಡೆಮ್ ಒಂದೇ ಪೆಟ್ಟಿಗೆಯಲ್ಲಿ, ಕಂಬಕ್ಕೆ ಕಟ್ಟೋದು. ಒಂದೇ ಈಥರ್ನೆಟ್ ವೈರಲ್ಲಿ ಕರೆಂಟೂ ಹೋಗುತ್ತೆ, ಡೇಟಾನೂ ಬರುತ್ತೆ. 100 ಮೀಟರ್ ತನಕ ಸೋರಿಕೆ ಚಿಂತೆ ಇಲ್ಲ. ನನ್ನ ಕೇಳಿದ್ರೆ ಕ್ಯಾರವಾನಿಗೆ ಇದೇ ಸರಿ. ಒಳಗೆ ವೈಫೈಗೆ ಸಣ್ಣ ಆ್ಯಕ್ಸೆಸ್ ಪಾಯಿಂಟ್ ಮಾತ್ರ ಬೇರೆ ಬೇಕು.

ಶಶಿ: ಗೋಡೆ ಕೊರೆಯೋಕೆ ನನ್ನ ಹತ್ರ ಡ್ರಿಲ್ ಇದೆ.

ನಾಗೇಶ: ಅದನ್ನ ಮನೇಲೇ ಬಿಟ್ಟು ಹೋಗು! ಹೊರಗಿನ ಹಾಳೆಗೆ ತೂತು ಬಿದ್ರೆ ನೀರು ಒಳಗಿಳಿದು ಮರದ ಚೌಕಟ್ಟು ಕೊಳೆಯುತ್ತೆ, ವಾರಂಟಿಗೂ ಕುತ್ತು. ಕಂಬವನ್ನ ಡೆಕ್ಕಿಂಗ್ ಕಟಕಟೆಗೆ ಕ್ಲಾಂಪ್ ಹಾಕಿ ಕಟ್ಟು, ಅದಕ್ಕೂ ಪಾರ್ಕಿನವರನ್ನ ಕೇಳು. ವೈರನ್ನ ಕೆಳಗಿಂದ, ನೀರಿನ ಪೈಪ್ ಹೋಗಿರೋ ಸಂದಿಯಲ್ಲಿ ತಗೊಂಡು ಬಾ. ಆದ್ರೆ ನೆಲದಲ್ಲಿ ಗಾಳಿಗೆ ಅಂತಲೇ ಬಿಟ್ಟಿರೋ ಕಿಂಡಿಗಳನ್ನ ಮುಚ್ಚಬೇಡ. ಸೋರಿದ ಗ್ಯಾಸ್ ಹೊರಗೆ ಹೋಗೋ ದಾರಿ ಅದು. ವೈರ್ ಒಳಗೆ ಹೋಗೋ ಮುಂಚೆ ಒಂದು ಬಾಗು ಕೆಳಕ್ಕೆ ಬಿಡು, ಮಳೆನೀರು ಅಲ್ಲೇ ತೊಟ್ಟಿಕ್ಕಲಿ.

ಶಶಿ: ಯಾವ ಕಡೆ ತಿರುಗಿಸ್ಲಿ? ಸಮುದ್ರದ ಕಡೆ ಸಾಲಾಗಿ ಕಂಬ ಕಾಣುತ್ತಲ್ಲ...

ನಾಗೇಶ: ಅವು ಗಾಳಿಯಂತ್ರ ಮಾರಾಯ! ಅಲ್ಲಿ ಸಿಗ್ನಲ್ ಇಲ್ಲ. ನಿನ್ನ ಟವರೆಲ್ಲಾ ನೆಲದ ಕಡೆ, ಅಂದ್ರೆ ಅರ್ಧ ದಿಕ್ಕು ಹುಡುಕೋ ಕೆಲಸ ಆಗಲೇ ಉಳಿಯಿತು. ಸೆಲ್‌ಮ್ಯಾಪರ್ ಅನ್ನೋ ಟವರ್ ನಕ್ಷೆಯಲ್ಲಿ ಜಾಗ ನೋಡ್ಕೋ. ಒಂದು ಸಲಕ್ಕೆ 15 ಡಿಗ್ರಿ ತಿರುಗಿಸು, ಎರಡು ನಿಮಿಷ ಕಾಯಿ, ರೌಟರ್ ಪುಟದಲ್ಲಿ ಎಸ್‌ಐಎನ್‌ಆರ್, ಅಂದ್ರೆ ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಅನ್ನೋ ಅಂಕಿ, ಬರ್ಕೋ. ಅದು 20 ದಾಟಿದ್ರೆ ಹಬ್ಬ, ಸೊನ್ನೆ ಹತ್ತಿರ ಇದ್ರೆ ಆರ್‌ಎಸ್‌ಆರ್‌ಪಿ ಎಷ್ಟಿದ್ರೂ ಗದ್ದಲ.

ಶಶಿ: ಬೂಸ್ಟರ್ ಅಂತ ಆನ್‌ಲೈನಲ್ಲಿ ಅಗ್ಗಕ್ಕೆ ಮಾರ್ತಾರೆ...

ನಾಗೇಶ: ಇಲ್ಲಿನ ಟೆಲಿಕಾಂ ನಿಯಂತ್ರಕ ಆಫ್‌ಕಾಮ್ ನಿಯಮಕ್ಕೆ ಹೊಂದದ ಬೂಸ್ಟರ್ ಇಲ್ಲಿ ಕಾನೂನುಬಾಹಿರ. ಅಕ್ಕಪಕ್ಕದವರ ಸಿಗ್ನಲ್ಲೂ ಕೆಡುತ್ತೆ, ಬೈಗುಳ ಬೇರೆ.

ವನಜಾ: ಉಪಗ್ರಹದಿಂದ ಬರೋ ಸ್ಟಾರ್‌ಲಿಂಕ್ ಹಾಕ್ಸಿದ್ರೆ ಈ ತಲೆನೋವೇ ಇಲ್ಲ ಅಲ್ವಾ?

ನಾಗೇಶ: ಎಲ್ಲಾ ಜಾಲ ಕೈಕೊಟ್ಟ ಕಡೆ ಅದೇ ಗತಿ. ವೇಲ್ಸಿನ ಕೆಲವು ಕಣಿವೆಗಳಲ್ಲಿ ಹಾಗೆಯೇ. ಆಕಾಶ ತೆರೆದಿರಬೇಕು, ಮರ ಅಡ್ಡ ಬಂದ್ರೆ ಕಾಲ್ ಮಧ್ಯೆ ಮಧ್ಯೆ ಕಟ್. ದೊಡ್ಡ ತಟ್ಟೆ 75ರಿಂದ 100 ವ್ಯಾಟ್ ಎಳೆಯುತ್ತೆ, ಮಿನಿ 25ರಿಂದ 40. ದೊಡ್ಡದನ್ನ ದಿನವಿಡೀ ಬಿಟ್ರೆ ಹತ್ತಿರ 2 ಯೂನಿಟ್, ಪಾರ್ಕಿನ ಮೀಟರಲ್ಲಿ.

ಶಶಿ: ಆಯ್ತು. ಚಳಿಗಾಲದಲ್ಲಿ ಕ್ಯಾಮೆರಾ ಒಂದು ಇಟ್ಟು ಬಂದ್ರೆ ಇಲ್ಲಿಂದಲೇ ನೋಡಬಹುದಲ್ಲ?

ನಾಗೇಶ: ಮೊಬೈಲ್ ಜಾಲದಲ್ಲಿ ಸಾಮಾನ್ಯವಾಗಿ ನಿನಗೇ ಅಂತ ಸಾರ್ವಜನಿಕ ಐಪಿ ವಿಳಾಸ ಇರಲ್ಲ, ನೂರಾರು ಜನಕ್ಕೆ ಒಂದೇ. ಪೋರ್ಟ್ ಫಾರ್ವರ್ಡ್ ಮಾಡೋ, ಅಂದ್ರೆ ರೌಟರಲ್ಲಿ ಹೊರಗಿನವರಿಗೆ ಬಾಗಿಲು ತೆರೆದಿಡೋ, ಹಳೇ ಕ್ಯಾಮೆರಾ ಹೊರಗಿಂದ ಸಿಗಲ್ಲ. ಕ್ಲೌಡ್ ಮೂಲಕ ತೋರಿಸೋದು ತಗೋ, ಇಲ್ಲ ಟೇಲ್‌ಸ್ಕೇಲ್ ಥರದ ಖಾಸಗಿ ಜಾಲದ (ವಿಪಿಎನ್) ತಂತ್ರಾಂಶ ಹಾಕು. ಸಿಮ್ ತೆಗೆದಿಟ್ರೂ ಆರು ತಿಂಗಳು ಮುಟ್ಟದೆ ಇದ್ರೆ ಎಷ್ಟೋ ಕಂಪನಿಗಳು ನಂಬರ್ ಕಿತ್ತುಹಾಕ್ತವೆ. ನಡುವೆ ಒಂದು ಮೆಸೇಜಾದ್ರೂ ಕಳಿಸು.

ವನಜಾ: ಕ್ಯಾಮೆರಾ ಎಲ್ಲಾ ಸರಿ. ಬಾಗಿಲು ಹಾಕೋವಾಗ ಪಾರ್ಕಿನವರು ಕರೆಂಟೂ ತೆಗೀತಾರಾ, ಕೇಳಿದ್ಯಾ?

ಶಶಿ: ...ಕೋಡುಬಳೆ ಇನ್ನೂ ಇದೆಯಾ?