ಅಪ್‌ಡೇಟ್: ಲ್ಯಾಬ್‌ನಿಂದ ವಾಪಸ್ ಬಂದ ಕಫದ ಸ್ಯಾಂಪಲ್

ಟಿಬಿ ಪರೀಕ್ಷೆಗೆ ಕೊಟ್ಟ ಅತ್ತೆಯವರ ಕಫ ‘ಬರೀ ಎಂಜಲು’ ಅಂತ ವಾಪಸ್ ಬಂದಿದೆ, ಏನು ಮಾಡಲಿ ಎಂದು ಕೇಳಿದ್ದೆ. ಈ ಸಲ ಸರಿಹೋಯಿತು. ಕಫದಲ್ಲಿ ಟಿಬಿ ರೋಗಾಣು ಹುಡುಕುವ ಟ್ರೂನ್ಯಾಟ್ ಪರೀಕ್ಷೆಯಲ್ಲಿ ಟಿಬಿ ಇದೆ, ರಿಫಾಂಪಿಸಿನ್ ಎಂಬ ಟಿಬಿ ಔಷಧ ಕೆಲಸ ಮಾಡುತ್ತದೆ ಎಂದು ಗೊತ್ತಾಗಿದೆ.

ಕಫ ಕೊಡುವ ಕ್ರಮ ಹೀಗೆ: ಬೆಳಿಗ್ಗೆ ಎದ್ದ ಕೂಡಲೇ, ಕಾಫಿಗೂ ಮೊದಲು, ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ. ಕಫ ತೆಗೆಯುವುದು ಮನೆಯೊಳಗೆ ಬೇಡವೇ ಬೇಡ. ಹಿತ್ತಿಲಲ್ಲೋ ಟೆರೇಸ್ ಮೇಲೋ, ಹತ್ತಿರ ಯಾರೂ ಇಲ್ಲದ ಕಡೆ. ಎರಡು ಮೂರು ಸಲ ದೀರ್ಘವಾಗಿ ಉಸಿರೆಳೆದುಕೊಂಡು ಎದೆಯಾಳದಿಂದ ಕೆಮ್ಮಬೇಕು. ಗಂಟಲಷ್ಟೇ ಕ್ಯಾಕರಿಸಿದರೆ ಬರುವುದು ಎಂಜಲೇ. ಮಂದವಾದ, ಲೋಳೆಲೋಳೆ ಕಫ 2ರಿಂದ 5 ಎಂ.ಎಲ್. ಸಾಕು. ಹೆಸರನ್ನು ಡಬ್ಬಿಯ ಮೈಮೇಲೆ ಬರೆಯಿರಿ; ಮುಚ್ಚಳಗಳು ಲ್ಯಾಬ್‌ನಲ್ಲಿ ಅದಲುಬದಲಾಗಬಹುದು. ಬಿಸಿಲಿಗಿಡದೆ ಅದೇ ದಿನ ತಲುಪಿಸಿ.

ಮಾತ್ರೆ ಶುರುವಾದ ಮೇಲೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುವುದು ರಿಫಾಂಪಿಸಿನ್‌ನಿಂದ, ಹೆದರಿ ನಿಲ್ಲಿಸಬೇಡಿ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಕೂಡಲೇ ಡಾಕ್ಟರಿಗೆ ತೋರಿಸಿ.