ಉತ್ತರ: ಪದ ಬೇಕು, ತುರ್ತು – ಬೇಟೆಗಾರರ ಗಾಡಿ ನಿಲ್ಲಿಸಿ ನೋಡುವ ಜಾಗಕ್ಕೆ ಏನನ್ನೋಣ?

> ಅಮೆರಿಕದ ಮೊಂಟಾನಾ ರಾಜ್ಯದ ಬೇಟೆ ಬಗ್ಗೆ ಒಂದು ಲೇಖನವನ್ನು ಪತ್ರಿಕೆಗೆ ಅನುವಾದ ಮಾಡ್ತಿದ್ದೇನೆ. ‘ಗೇಮ್ ಚೆಕ್ ಸ್ಟೇಷನ್’, ‘ಗೇಮ್ ವಾರ್ಡನ್’, ‘ಕನ್ಸರ್ವೇಶನ್ ಆಫೀಸರ್’, ‘ಟ್ಯಾಗ್’ – ಇವಕ್ಕೆ ಪದ ಬೇಕು. ಸದ್ಯಕ್ಕೆ ‘ಬೇಟೆ ತನಿಖಾ ಠಾಣೆ’, ‘ಸಂರಕ್ಷಣಾಧಿಕಾರಿ’ ಅಂತ ಹಾಕಿದ್ದೇನೆ. ರಾತ್ರಿ ಪುಟ ಹೋಗುತ್ತೆ.

ಮೇಡಂ, ಆ ಎರಡನ್ನೂ ತೆಗೆಯಿರಿ. ಠಾಣೆಗೆ ‘ಚೆಕ್‌ಪೋಸ್ಟ್’ ಸಾಕು. ಕಾರಣ ಹೇಳುತ್ತೇನೆ, ಇಲ್ಲಿ ಬೇರೆಯವರು ಹಾಕಿದ ಸಲಹೆಗಳಿಗೂ ಉತ್ತರ ಕೊಡುತ್ತೇನೆ.

ಮೊದಲು ‘ತನಿಖೆ’. ನಮ್ಮ ಅರಣ್ಯ ಇಲಾಖೆ ಬೋರ್ಡುಗಳಲ್ಲಿ ‘ಅರಣ್ಯ ತನಿಖಾ ಠಾಣೆ’ ಅಂತ ಇದೆ, ನಿಜ. ಆದರೆ ಬೋರ್ಡಿನ ಆಚೆ, ಪೇಪರ್ ಓದುವವರಿಗೆ ‘ತನಿಖೆ’ ಅಂದರೆ ಅಪರಾಧದ್ದು. ಸಿಐಡಿ ತನಿಖೆ, ಲೋಕಾಯುಕ್ತ ತನಿಖೆ. ‘ಬೇಟೆ’ ಪಕ್ಕ ‘ತನಿಖೆ’ ಬಂತು ಅಂದರೆ ಓದುಗ ಕಳ್ಳಬೇಟೆ ಅಂತಲೇ ಓದುತ್ತಾನೆ. ಅದು ಅವನ ತಪ್ಪಲ್ಲ. 1972ರ ವನ್ಯಜೀವಿ ಕಾಯ್ದೆ ಬಂದಾಗಲೂ ನಮ್ಮಲ್ಲಿ ಬೇಟೆಗೆ ಲೈಸೆನ್ಸ್ ಇತ್ತು. ದೊಡ್ಡ ಪ್ರಾಣಿಗೆ ಬೇರೆ, ಸಣ್ಣ ಪ್ರಾಣಿಗೆ ಬೇರೆ. 1991ರ ತಿದ್ದುಪಡಿ ಆ ಲೈಸೆನ್ಸುಗಳನ್ನೇ ತೆಗೆದುಹಾಕಿತು. ಆಮೇಲೆ ಬೆಳೆದವರು ಬೇಟೆಗಾರ ಮತ್ತು ಫಾರೆಸ್ಟ್‌ನವರು ಎದುರಾಗುವುದನ್ನು ಓದಿರುವುದೇ ದಾಳಿ, ವಶ, ಬಂಧನ ಅನ್ನುವ ಮಾತುಗಳಲ್ಲಿ. ಕನ್ನಡದಲ್ಲಿ ಇಬ್ಬರೂ ಸಮಾಧಾನವಾಗಿ ಮಾತಾಡಿಕೊಳ್ಳುವ ವಾಕ್ಯವೇ ಬಳಕೆಯಲ್ಲಿ ಉಳಿದಿಲ್ಲ. ಅನುವಾದದಲ್ಲಿ ಎಚ್ಚರ ಬೇಕಾಗಿರುವುದು ಇಲ್ಲೇ.

ಮೊಂಟಾನಾದಲ್ಲಿ ನಡೆಯುವುದು ಬೇರೆ. ನಾನು ಮಿಸ್ಸೌಲಾದಲ್ಲಿದ್ದಾಗ ಸಹೋದ್ಯೋಗಿಯೊಬ್ಬರ ಜೊತೆ ಪಕ್ಕದ ಬಾನರ್ ಚೆಕ್ ಸ್ಟೇಷನ್ನಿಗೆ ಹೋಗಿದ್ದೆ. ಪಿಕಪ್ ಹಿಂದೆ ಒಂದು ಎಲ್ಕ್ (ಜಿಂಕೆ ಜಾತಿಯ ದೊಡ್ಡ ಪ್ರಾಣಿ) ಇತ್ತು. ಸಾಲಿನಲ್ಲಿ ನಿಂತೆವು. ಬಂದವರು ಇಲಾಖೆಯ ಜೀವಶಾಸ್ತ್ರಜ್ಞೆ, ಪೊಲೀಸರ ಹಾಗೆ ಬಂದೂಕು ಕಟ್ಟಿಕೊಂಡವರಲ್ಲ. ಎಲ್ಲಿ ಸಿಕ್ಕಿತು, ಯಾವಾಗ, ಜೊತೆಗೆ ಎಷ್ಟು ಕಂಡಿರಿ ಅಂತ ಕೇಳಿ ಬರೆದುಕೊಂಡರು. ಚೀಟಿ (ಟ್ಯಾಗ್) ನೋಡಿದರು. ಆಮೇಲೆ ಕೈಗವಸು ಹಾಕಿಕೊಂಡು ಬಾಯಿ ಬಿಡಿಸಿ, ಕೆಳದವಡೆಯ ಒಂದು ಬಾಚಿಹಲ್ಲನ್ನು ಸಡಿಲಿಸಿ ಕಿತ್ತು, ಸಣ್ಣ ಲಕೋಟೆಗೆ ಹಾಕಿದರು. ಆ ಹಲ್ಲಿನ ಬೇರನ್ನು ತೆಳ್ಳಗೆ ಸೀಳಿ ನೋಡಿದರೆ ಮರದ ಕಾಂಡದಲ್ಲಿ ಇರುವ ಹಾಗೆ ವರ್ಷದ ಗೆರೆಗಳು ಕಾಣುತ್ತವೆ. ಪ್ರಾಣಿಯ ವಯಸ್ಸು ಅದರಿಂದ ತಿಳಿಯುತ್ತೆ. ಬೇಕೆಂದರೆ ಗಂಟಲ ಹಿಂದಿನ ದುಗ್ಧಗ್ರಂಥಿಯನ್ನೂ ರೋಗ ಪರೀಕ್ಷೆಗೆ ಕೊಡಬಹುದು. ಇಷ್ಟೇ. ಇದನ್ನು ‘ತನಿಖೆ’ ಅಂದರೆ ಆಕೆಯ ಕೆಲಸಕ್ಕೂ ಅನ್ಯಾಯ, ಬೇಟೆಗಾರನಿಗೂ ಅನ್ಯಾಯ.

> ‘ಉಕ್ಕಡ’ ಅನ್ನುವ ಅಚ್ಚಗನ್ನಡ ಪದ ಇರುವಾಗ ಚೆಕ್‌ಪೋಸ್ಟ್ ಯಾಕೆ? ‘ಬೇಟೆಯುಕ್ಕಡ’ ಎಂದರಾಯಿತು.

ಆಗುವುದಿಲ್ಲ ಸರ್. ಉಕ್ಕಡ ಒಳ್ಳೆಯ ಪದ. ಆದರೆ ಅದು ಕಾವಲಿನ ಠಾಣೆ. ಜೊತೆಗೆ ‘ಬೇಟೆಯುಕ್ಕಡ’ ಅಂತ ಸಂಧಿ ಮಾಡಿದರೆ ಓದುಗ ಅಲ್ಲೇ ನಿಂತು ಒಡೆದು ಓದಬೇಕು. ರಾತ್ರಿ ಪುಟ ಹೋಗುವ ಲೇಖನಕ್ಕೆ ಇದು ಬೇಡ.

> ಮೃಗಯಾ ಪರಿವೀಕ್ಷಣಾ ಕೇಂದ್ರ

ಬೇಡವೇ ಬೇಡ.

> ಚೆಕ್‌ಪೋಸ್ಟ್ ಇಂಗ್ಲಿಷ್. ತಪಾಸಣೆ, ಠಾಣೆ ಆದರೂ ನಮ್ಮವು.

ಯಾವಾಗಿನಿಂದ ನಮ್ಮವು? ತಪಾಸಣೆ ಮರಾಠಿಯಿಂದ ಬಂದದ್ದು. ಷಿಕಾರಿ, ಗಸ್ತು ಪಾರಸಿಯವು. ಕಾಡಿನ ಸುತ್ತ ನಾವು ಆಡುವ ಮಾತಿನಲ್ಲಿ ‘ಕೋವಿ’ ನಮ್ಮದು, ‘ಬಂದೂಕು’ ಹೊರಗಿನದು. ಎರಡನ್ನೂ ಹೇಳುತ್ತೇವೆ, ಯಾರೂ ಜಗಳ ಆಡುವುದಿಲ್ಲ. ಮುನ್ನೂರು ವರ್ಷದ ಹಿಂದೆ ಬಂದ ಪದಕ್ಕೆ ಒಂದು ನ್ಯಾಯ, ನೂರು ವರ್ಷದ ಹಿಂದೆ ಬಂದದ್ದಕ್ಕೆ ಇನ್ನೊಂದು ನ್ಯಾಯ – ಇದು ತತ್ವ ಅಲ್ಲ, ಅಭ್ಯಾಸ. ಗುಂಡ್ಲುಪೇಟೆಯಿಂದ ಊಟಿಗೆ ಹೋಗುವ ಡ್ರೈವರನ್ನು ಕೇಳಿ. ಬಂಡೀಪುರದ ಗೇಟು ರಾತ್ರಿ 9ಕ್ಕೆ ಹಾಕಿದರೆ ಬೆಳಿಗ್ಗೆ 6ಕ್ಕೇ ತೆಗೆಯುವುದು ಅನ್ನುವುದನ್ನು ಅವರು ‘ಚೆಕ್‌ಪೋಸ್ಟ್ ಕ್ಲೋಸ್’ ಅಂತಲೇ ಹೇಳುತ್ತಾರೆ. ಆ ಪದ ಕನ್ನಡದ ಬಾಯಲ್ಲಿ ಪಳಗಿದೆ.

ಹಾಗಾಗಿ ನನ್ನ ಸಲಹೆ: ಮೊದಲ ಸಲ ‘ಬೇಟೆ ತಪಾಸಣೆಯ ಚೆಕ್‌ಪೋಸ್ಟ್’, ಆಮೇಲೆ ಸುಮ್ನೆ ‘ಚೆಕ್‌ಪೋಸ್ಟ್’. ಇಲ್ಲಿ ‘ಬೇಟೆ’ ಎರಡು ಕಡೆಗೂ ಸಲ್ಲುತ್ತೆ. ಬೇಟೆಯಾಡುವ ಕೆಲಸವೂ ಬೇಟೆ, ಸಿಕ್ಕ ಪ್ರಾಣಿಯೂ ಬೇಟೆ. ‘ಹುಲಿ ತನ್ನ ಬೇಟೆಯನ್ನು ಎಳೆದುಕೊಂಡು ಹೋಯಿತು’ ಅನ್ನುತ್ತೇವಲ್ವಾ? ಇಂಗ್ಲಿಷಿನ ‘ಗೇಮ್’ಗೆ ಬೇರೆ ಪದ ಹುಡುಕುವ ಅಗತ್ಯವೇ ಇಲ್ಲ. ‘ಮಿಕ’ ಅಂತ ಒಬ್ಬರು ಸೂಚಿಸಿದ್ದಾರೆ. ಮೃಗದಿಂದ ಬಂದ ಚೆಂದದ ಪದ. ಆದರೆ ಈಗ ಅದು ಮೋಸ ಹೋದವರಿಗೆ ಅಂಟಿಕೊಂಡಿದೆ, ‘ಒಳ್ಳೇ ಮಿಕ ಸಿಕ್ತು’ ಅನ್ನುವ ಹಾಗೆ. ಬೇಡ.

ಇನ್ನು ಅಧಿಕಾರಿ. ‘ಸಂರಕ್ಷಣಾಧಿಕಾರಿ’ ಹಾಕಿದರೆ ದೊಡ್ಡ ಗೊಂದಲ ಆಗುತ್ತೆ. ನಮ್ಮಲ್ಲಿ ಅದು ಅರಣ್ಯ ಇಲಾಖೆಯ ಹಿರಿಯ ಅಧಿಕಾರಿಗಳಾದ ಸಿಎಫ್, ಡಿಸಿಎಫ್ ಹುದ್ದೆಯ ಹೆಸರು. ಡಿಸಿಎಫ್ ಸಾಹೇಬರು ರಸ್ತೆ ಬದಿ ನಿಂತು ಜಿಂಕೆ ಹಲ್ಲು ಕೀಳುತ್ತಿದ್ದಾರೆ ಅಂತ ಓದುಗನಿಗೆ ಕಾಣುತ್ತೆ. ‘ವನ್ಯಜೀವಿ ಪರಿಪಾಲಕ’ವೂ ಹಾಗೆಯೇ, ಅದೂ ನಮ್ಮಲ್ಲಿ ಬೇರೆ ಹುದ್ದೆಯ ಹೆಸರು. ‘ವಾರ್ಡನ್’ ಅಂತ ಹಾಗೇ ಬಿಟ್ಟರೆ ಹಾಸ್ಟೆಲ್ ವಾರ್ಡನ್. ‘ಫಾರೆಸ್ಟ್ ಗಾರ್ಡ್’ ಹತ್ತಿರ ಬರುತ್ತೆ, ಆದರೆ ಇವರು ಕಾಡು ಕಾಯುವವರಲ್ಲ. ಬೇಟೆ ಮತ್ತು ಮೀನುಗಾರಿಕೆಯ ಕಾನೂನು ನೋಡಿಕೊಳ್ಳುವವರು, ಬಂಧಿಸುವ ಅಧಿಕಾರವೂ ಇದೆ. ಮೊಂಟಾನಾದಲ್ಲಿ ಹುದ್ದೆಯ ಹೆಸರು ಗೇಮ್ ವಾರ್ಡನ್. ಮಿನೆಸೋಟಾ, ಮಿಷಿಗನ್, ಕೆನಡಾದ ಒಂಟಾರಿಯೋದಲ್ಲಿ ಅದೇ ಕೆಲಸದವರು ಕನ್ಸರ್ವೇಶನ್ ಆಫೀಸರ್. ಹೆಸರು ಎರಡು, ಕೆಲಸ ಒಂದೇ. ಎರಡಕ್ಕೂ ‘ಬೇಟೆ ಕಾನೂನು ಅಧಿಕಾರಿ’ ಅನ್ನಿ. ಆದರೆ ಚೆಕ್‌ಪೋಸ್ಟಿನಲ್ಲಿ ಲೆಕ್ಕ ಬರೆಯುವವರೆಲ್ಲ ಇವರೇ ಅಂತ ತಿಳಿಯಬೇಡಿ. ಮೂಲದಲ್ಲಿ ಎಲ್ಲಿ ‘ಬಯಾಲಜಿಸ್ಟ್’ ಇದೆಯೋ ಅಲ್ಲಿ ಜೀವಶಾಸ್ತ್ರಜ್ಞರು ಅಂತಲೇ ಉಳಿಸಿ.

ಟ್ಯಾಗ್‌ಗೆ ‘ಕಿವಿಯೋಲೆ’ ಅಂದವರಿಗೆ: ಅದು ಪಶುಪಾಲನಾ ಇಲಾಖೆಯವರು ಬದುಕಿರುವ ದನಕ್ಕೆ ಹಾಕುವುದು. ಇದು ಒಂದು ಪ್ರಾಣಿಗೆ ಒಂದು ಅಂತ ಕೊಡುವ ಚೀಟಿ. ಹೊಡೆದ ಕೂಡಲೇ ದಿನಾಂಕ ಗುರುತು ಮಾಡಿ ಪ್ರಾಣಿಗೆ ಕಟ್ಟಬೇಕು. ಈಗ ಮೊಬೈಲಿನಲ್ಲೂ ಮಾಡಬಹುದು. ‘ಬೇಟೆ ಚೀಟಿ’ ಸಾಕು. ಲೈಸೆನ್ಸ್ ಬೇರೆ, ಚೀಟಿ ಬೇರೆ. ಎರಡಕ್ಕೂ ‘ಪರವಾನಗಿ’ ಹಾಕಿ ಕಲಸಬೇಡಿ.

ನಿಮ್ಮ ಮಾದರಿ ಸಾಲಿನಲ್ಲಿ ಇನ್ನೊಂದು ಕಂಡಿತು.

> ಅಧಿಕಾರಿಗಳು ಬೇಟೆಗಾರರನ್ನು ಅಡ್ಡಗಟ್ಟಿ ವಾಹನ ಪರೀಕ್ಷಿಸುತ್ತಾರೆ.

‘ಅಡ್ಡಗಟ್ಟು’ ದರೋಡೆಕೋರರ ಕ್ರಿಯಾಪದ. ಮೊಂಟಾನಾ ಕಾನೂನಿನಲ್ಲಿ ದಾರಿಯಲ್ಲಿ ಚೆಕ್‌ಪೋಸ್ಟ್ ಸಿಕ್ಕರೆ ಬೇಟೆಗಾರನೇ ಗಾಡಿ ತಿರುಗಿಸಿ ಒಳಗೆ ಹೋಗಬೇಕು. ಏನೂ ಸಿಗದೆ ಬರಿಗೈಲಿ ಬರುತ್ತಿದ್ದರೂ ನಿಲ್ಲಿಸಲೇಬೇಕು. ಬರಿಗೈಲಿ ಬಂದವರ ಲೆಕ್ಕವೂ ಅವರಿಗೆ ಬೇಕು, ಎಷ್ಟು ಜನ ಹೋದರು, ಎಷ್ಟು ಜನಕ್ಕೆ ಸಿಕ್ಕಿತು ಅಂತ ತಿಳಿಯುವುದು ಅದರಿಂದ. ಆದ್ದರಿಂದ ವಾಕ್ಯದ ಕರ್ತೃವೇ ಬದಲಾಗಬೇಕು: ‘ಬೇಟೆಗಾರರು ಇಲ್ಲಿ ಗಾಡಿ ನಿಲ್ಲಿಸಿ ಬೇಟೆಯನ್ನು ತೋರಿಸಬೇಕು.’

ಅಧಿಕಾರಿಯೇ ಬೆನ್ನಟ್ಟಿ ನಿಲ್ಲಿಸಿದ ಪ್ರಸಂಗಗಳೂ ಇವೆ. ಸ್ಯಾನ್ ಡಿಯಾಗೋದಲ್ಲಿ ಒಬ್ಬ ಅಧಿಕಾರಿ ದೂರದರ್ಶಕದಲ್ಲಿ ನೋಡುತ್ತಿದ್ದರು. ಕಡಲೊಳಗೆ ಚಾಚಿದ ಕಟ್ಟೆ ಮೇಲೆ ಮೀನು ಹಿಡಿಯುತ್ತಿದ್ದವ ಏನನ್ನೋ ಚೀಲಕ್ಕೆ ಹಾಕಿದ. ಅಧಿಕಾರಿ ಅವನ ಕಾರನ್ನು ನಿಲ್ಲಿಸಿದರು. ಒಳಗೆ ಸಿಕ್ಕಿದ್ದು, ಹಿಡಿಯಬಾರದ ಕಾಲದಲ್ಲಿ ಹಿಡಿದ ಲಾಬ್‌ಸ್ಟರ್. ಹಾಗೆ ನಿಲ್ಲಿಸಿದ್ದು ಸರಿ ಅಂತ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿತು. ಅಂಥ ಕಡೆ ‘ತಡೆದು ನಿಲ್ಲಿಸಿದರು’ ಅನ್ನಿ. ಅಲ್ಲಿಯೂ ‘ಅಡ್ಡಗಟ್ಟು’ ಬೇಡ.

ಎಲ್ಕ್ ಅನ್ನು ‘ಕಡವೆ’ ಮಾಡಬೇಡಿ. ಬ್ರಿಟಿಷ್ ಷಿಕಾರಿಗಳು ನಮ್ಮ ಕಡವೆಯನ್ನು ಎಲ್ಕ್ ಅಂತ ಕರೆದು ಹೋಗಿದ್ದಾರೆ, ಆ ತಪ್ಪನ್ನು ನಾವು ತಿರುಗಿಸಿ ಮಾಡುವುದು ಬೇಡ. ಎಲ್ಕ್ ಅಂತಲೇ ಇರಲಿ. ಅಲ್ಲಿ ಪರೀಕ್ಷೆ ಮಾಡುವ ‘ಕ್ರಾನಿಕ್ ವೇಸ್ಟಿಂಗ್ ಡಿಸೀಸ್’ ಎಂಬ ರೋಗವನ್ನು ಬರೀ ‘ಸೊರಗು ರೋಗ’ ಅಂದರೆ ಮಲೆನಾಡಿನ ಓದುಗರು ಕಾಳುಮೆಣಸಿನದ್ದು ಅಂದುಕೊಳ್ಳುತ್ತಾರೆ. ‘ಜಿಂಕೆಗಳ ಸೊರಗು ರೋಗ’ ಅಂತ ಪೂರ್ತಿ ಬರೆಯಿರಿ. ಮೊಂಟಾನಾದ ಕಾಡುಜಿಂಕೆಗಳಲ್ಲಿ ಅದು ಮೊದಲು ಕಂಡದ್ದು 2017ರಲ್ಲಿ, ಈ ಚೆಕ್‌ಪೋಸ್ಟುಗಳ ಮಾತಲ್ಲಿ ಅದು ಪದೇ ಪದೇ ಬರುತ್ತೆ.

‘ಬ್ಯಾಗ್ ಲಿಮಿಟ್’ ಬಗ್ಗೆ ನೀವು ಕೇಳಿಲ್ಲ, ಆದರೆ ಲೇಖನದಲ್ಲಿ ಖಂಡಿತ ಇರುತ್ತೆ. ‘ಚೀಲದ ಮಿತಿ’ ಅಂತ ಬರೆದಿದ್ದರೆ ಈಗಲೇ ತಿದ್ದಿ: ‘ಒಬ್ಬರಿಗೆ ಇಷ್ಟೇ ಎಂಬ ಮಿತಿ’. ಜಾಗ ಕಡಿಮೆ ಇದ್ದರೆ ‘ತಲಾ ಮಿತಿ’.